ಪಂಜರದ ಹೊರಗಿನ ಮೀನು ಯಾರದು?

ಕಾರವಾರದ ಕೊಲ್ಲಿಯಲ್ಲಿ ತೇಲುವ ಪಂಜರದೊಳಗೆ ಎಷ್ಟು ಮೀನಿದೆ ಎಂದು ಕೇಳಿದರೆ ಲೆಕ್ಕ ಸಿಗುತ್ತದೆ. ಬಿಟ್ಟ ಮರಿ ಎಷ್ಟು, ಸತ್ತದ್ದೆಷ್ಟು, ದಿನಕ್ಕೆ ಎಷ್ಟು ಕಿಲೋ ಆಹಾರ, ಈಗಿನ ಸರಾಸರಿ ತೂಕವೆಷ್ಟು, ಎಲ್ಲವೂ ಪುಸ್ತಕದಲ್ಲಿ ಇರುತ್ತದೆ. ಅದೇ ಪಂಜರದ ಬಲೆಗೆ ಹೊರಗಿನಿಂದ ಆತುಕೊಂಡು ಸುತ್ತುವ ಮೀನುಗಳನ್ನು ಮಾತ್ರ ಸಾಮಾನ್ಯವಾಗಿ ಯಾರೂ ಬರೆದಿಡುವುದಿಲ್ಲ. ಅವನ್ನು ಯಾರೂ ತಂದು ಬಿಟ್ಟಿಲ್ಲ. ತಾವಾಗಿಯೇ ಬಂದವು. ಹಲವು ಸಲ ಒಳಗಿನವುಗಳಷ್ಟೇ ಗಟ್ಟಿಯಾಗಿ ಅಲ್ಲಿ ತಳವೂರುತ್ತವೆ, ಋತು ತಿರುಗಿದಾಗ ಹೇಳದೆ ಕೇಳದೆ ಹೊರಟೂ ಹೋಗುತ್ತವೆ.

ನಮ್ಮ ಕಲಬುರಗಿಯಿಂದ ಕಾರವಾರಕ್ಕೆ ನೇರ ಗೆರೆ ಎಳೆದರೂ ಸುಮಾರು 400 ಕಿಲೋಮೀಟರು. ಭೀಮೆಯ ಮೀನು, ಕೆರೆಯ ಕಾಟ್ಲಾ, ರೋಹು ಉಂಡ ಊರಿಗೆ ಕಡಲ ಪಂಜರದ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ನಮ್ಮದೇ ಜಿಲ್ಲೆಯ ಕಮಲಾಪುರದ ಹತ್ತಿರವೇ ಇದೆ. ಆದರೆ ವಿಷಯ ಹುಟ್ಟಿದ್ದು ಕಡಲಲ್ಲಿ, ಹಾಗಾಗಿ ಮೊದಲು ಅಲ್ಲಿಗೆ.

ನಮ್ಮ ದೇಶದಲ್ಲಿ ತೆರೆದ ಕಡಲಿನ ಪಂಜರ ಕೃಷಿಗೆ ಇನ್ನೂ ಎರಡು ದಶಕವೂ ತುಂಬಿಲ್ಲ ಎನ್ನಬಹುದು. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, 2007ರಲ್ಲಿ ವಿಶಾಖಪಟ್ಟಣದ ಕಡಲಲ್ಲಿ 15 ಮೀಟರ್ ವ್ಯಾಸದ ದೊಡ್ಡ ಪಂಜರ ಇಳಿಸಿ ಪ್ರಯೋಗ ಶುರು ಮಾಡಿತು. ಅಷ್ಟು ದೊಡ್ಡದು ನಮ್ಮ ಮೀನುಗಾರರ ಕೈಗೆಟಕುವುದಿಲ್ಲ ಎಂದು ಆಮೇಲೆ 6 ಮೀಟರ್ ವ್ಯಾಸದ ಅಗ್ಗದ ಪಂಜರ ಬಂತು. ಈ ಕೆಲಸದಲ್ಲಿ ಸಂಸ್ಥೆಯ ಕಾರವಾರ ಕೇಂದ್ರದ ಪಾಲು ದೊಡ್ಡದು. 2013ರಲ್ಲಿ ತೆರೆದ ಕಡಲಿನ ಪಂಜರ ಕೃಷಿಗೆಂದೇ ಒಂದು ಕೈಪಿಡಿ ಹೊರಬಂದದ್ದೂ ಕಾರವಾರದಿಂದ. ಅತ್ತ ತಮಿಳುನಾಡಿನ ಮಂಡಪಂನಲ್ಲಿ ಅದೇ ಸಂಸ್ಥೆ 2010ರಲ್ಲಿ ಕೋಬಿಯಾ ಮರಿಗಳನ್ನೂ 2011ರಲ್ಲಿ ಸಿಲ್ವರ್ ಪಾಂಪನೊ ಮರಿಗಳನ್ನೂ ಹ್ಯಾಚರಿಯಲ್ಲಿ ಬೆಳೆಸಿತು. ಮೊದಲಿನಿಂದಲೂ ಇದ್ದದ್ದು ಸೀಬಾಸ್. ನಮ್ಮ ಕರಾವಳಿಯಲ್ಲಿ ಕುರುಡಿ, ಗೋವಾದ ಬಾಯಲ್ಲಿ ಚೊಣಾಕ. ಬೈಂದೂರು, ಉಪ್ಪುಂದದ ಕಡೆ ಅಳಿವೆಯ ಉಪ್ಪುನೀರಿನಲ್ಲಿ ಸಣ್ಣ ಚೌಕ ಪಂಜರಗಳೂ ಬಂದವು. 2020ರಲ್ಲಿ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಬಂದ ಮೇಲೆ ಒಂದು ಕಡಲ ಪಂಜರದ ಘಟಕ ವೆಚ್ಚ 5 ಲಕ್ಷ ರೂಪಾಯಿ ಎಂದು ಗೊತ್ತು ಮಾಡಿ ಸಬ್ಸಿಡಿ ಕೊಡುವುದೂ ಆರಂಭವಾಯಿತು.

ಪಂಜರದ ರಚನೆ ಸರಳ. ಜಿ.ಐ. ಪೈಪಿನದೋ ಎಚ್‌ಡಿಪಿಇ ಪೈಪಿನದೋ ಒಂದು ವೃತ್ತ, ಅದನ್ನು ತೇಲಿಸಲು ಗಾಳಿ ತುಂಬಿದ ಡ್ರಮ್ಮುಗಳು, ಅದರಿಂದ ಕೆಳಕ್ಕೆ ನಾಲ್ಕಾರು ಮೀಟರ್ ಇಳಿಬಿದ್ದ ಬಲೆ. ಒಳಬಲೆಯಲ್ಲಿ ಸಾಕುಮೀನು. ಅದನ್ನು ಸುತ್ತಿ ಹೊರಬಲೆ, ಕಚ್ಚಿ ಹರಿಯುವ ಬೇಟೆಗಾರರನ್ನು ದೂರ ಇಡಲು. ಮೇಲೆ ಹಕ್ಕಿಬಲೆ, ಗರುಡ, ಬೆಳ್ಳಕ್ಕಿ, ನೀರುಕಾಗೆಗಳು ಎರಗದಂತೆ. ತಂತಿಜಾಲರಿಯ ಪೆಟ್ಟಿಗೆಗೆ ಕಲ್ಲು ತುಂಬಿ ಕಡಲ ತಳಕ್ಕೆ ಇಳಿಸಿ, ಸರಪಣಿ ಹಾಕಿ ಇಡೀ ಪಂಜರವನ್ನು ಅದಕ್ಕೆ ಬಿಗಿಯುತ್ತಾರೆ.

ಬೆಳಗ್ಗೆ ಆಹಾರದ ದೋಣಿ ಬಂದಾಗಿನ ನೋಟವೇ ಬೇರೆ. ಬಕೆಟಿನಲ್ಲಿ ಕೊಚ್ಚಿದ ತಾರ್ಲೆಯೋ ಇನ್ನಾವುದೋ ಅಗ್ಗದ ಮೀನೋ ಇರುತ್ತದೆ, ಇಲ್ಲವೇ ಕಾರ್ಖಾನೆಯ ಗುಳಿಗೆ. ಹಕ್ಕಿಬಲೆ ಸರಿಸಿ ಮೊದಲ ಹಿಡಿ ಎರಚುತ್ತಿದ್ದಂತೆ ಒಳಗಿನ ನೀರು ಕುದಿದೇಳುತ್ತದೆ. ಕುರುಡಿಗಳ ಬೆನ್ನು, ಬಾಲ, ಬಾಯಿ, ಯಾವುದು ಯಾವುದರದೆಂದು ತಿಳಿಯುವುದಿಲ್ಲ. ಈ ಗದ್ದಲದಲ್ಲಿ ಒಂದಿಷ್ಟು ತುಣುಕು ತಪ್ಪಿಸಿಕೊಂಡು ಬಲೆಯ ಕಣ್ಣಿನಿಂದ ಹೊರಬೀಳುತ್ತದೆ. ಮೀನಿನ ಕೊಬ್ಬು ತೆಳ್ಳಗೆ ನೀರಿನ ಮೇಲೆ ಹರಡಿ ಪ್ರವಾಹದ ಜೊತೆ ಸಾಗುತ್ತದೆ. ದೋಣಿಯಿಂದ ಬಗ್ಗಿ ಪಂಜರದ ನೆರಳು ಬಿದ್ದ ಕಡೆ ನೋಡಿದರೆ ಎರಡನೆಯ ಪಂಕ್ತಿ ಕಾಣುತ್ತದೆ: ಬೆರಳುದ್ದದ ಸಣ್ಣ ಮೀನುಗಳು ಬಲೆಗೆ ತಾಗಿದಂತೆ ತಲೆಯಿಟ್ಟು, ಬಿದ್ದ ತುಣುಕು ಕೆಳಗಿಳಿಯುವ ಮೊದಲೇ ಹಾರಿ ಕಚ್ಚುತ್ತಿರುತ್ತವೆ. ಅವುಗಳ ಕೆಳಗೆ, ನೀರು ಮಂಕಾಗುವಲ್ಲಿ, ದೊಡ್ಡದೇನೋ ಒಂದು ಆಗಾಗ ಮಿಂಚಿ ಮಾಯವಾಗುತ್ತದೆ. ಅದು ಬಂದಿರುವುದು ತುಣುಕಿಗಲ್ಲ, ತುಣುಕು ತಿನ್ನುವವುಗಳಿಗೆ.

ಇಷ್ಟು ಮೀನು ಬರಲು ಆಹಾರವೊಂದೇ ಕಾರಣವಲ್ಲ, ಮೊದಲ ಕಾರಣವೂ ಅಲ್ಲ. ಖಾಲಿ ಪಂಜರ ಇಳಿಸಿದರೂ ಮೀನು ಬರುತ್ತದೆ. ತೆರೆದ ನೀರಿನಲ್ಲಿ ಬದುಕುವ ಮೀನಿಗೆ ಮೇಲೆ, ಕೆಳಗೆ, ಅಕ್ಕಪಕ್ಕ ಎಲ್ಲಿಯೂ ಗುರುತಿಲ್ಲ. ಅಲ್ಲಿ ಒಂದು ಮರದ ದಿಮ್ಮಿ ತೇಲಿ ಬಂದರೂ ಅದರ ಕೆಳಗೆ ಗುಂಪು ಸೇರುತ್ತದೆ. ಈ ಗುಣವನ್ನು ಮೀನುಗಾರರು ಎಷ್ಟೋ ಕಾಲದಿಂದ ಬಲ್ಲರು. ಫಿಲಿಪೀನ್ಸಿನವರು ಬಿದಿರಿನ ತೆಪ್ಪ ಕಟ್ಟಿ ಪಯಾವೊ ಎಂದರು. ಮಾಲ್ಟಾದ ಮೀನುಗಾರರು ತಾಳೆಗರಿ ಹೊದಿಸಿದ ತೇಲುಹಲಗೆಗಳನ್ನು ಕಡಲಿಗೆ ಬಿಟ್ಟು, ಆಗಸ್ಟ್ ಮಧ್ಯದಿಂದ ಡಿಸೆಂಬರಿನವರೆಗೆ ಅವುಗಳ ನೆರಳಿಗೆ ಬರುವ ಲಂಪೂಕಿ ಮೀನು ಹಿಡಿಯುತ್ತಾರೆ. ಕರ್ನಾಟಕದ ಕಡಲಲ್ಲೂ ಇದರ ದಾಯಾದಿ ಇದೆ. ಮಳೆಗಾಲ ಮುಗಿಯುತ್ತಿದ್ದಂತೆ ತೆಂಗಿನ ಹೊಂಬಾಳೆಯ ಒಣ ಗೊಂಚಲುಗಳನ್ನು ಕಟ್ಟಿ, ಮರಳು ತುಂಬಿದ ಚೀಲದ ಭಾರ ಹಾಕಿ ಇಳಿಸುತ್ತಾರೆ. ಕಪ್ಪೆ ಬೊಂಡಾಸ್, ಅಂದರೆ ಕಟ್ಲ್‌ಫಿಶ್, ಅದಕ್ಕೆ ಮೊಟ್ಟೆ ಅಂಟಿಸಲು ಬರುತ್ತದೆ. ಬಂದದ್ದನ್ನು ಗಾಳ ಹಾಕಿ ಎಳೆಯುತ್ತಾರೆ. ಮೊಟ್ಟೆಯಿಡಲು ಬಂದ ತಾಯಿಯನ್ನೇ ಹಿಡಿದರೆ ಮುಂದಿನ ವರ್ಷ ಏನು ಎಂಬುದು ಒಂದು ತಕರಾರು. ಕಟ್ಟು ಮೇಲೆತ್ತುವಾಗ ಅದಕ್ಕೆ ಅಂಟಿದ ಮೊಟ್ಟೆಯೂ ಹಾಳಾಗುತ್ತದೆ ಎಂಬುದು ಇನ್ನೊಂದು. ಟ್ರಾಲ್ ಬೋಟಿನವರಿಗೂ ಗಾಳದವರಿಗೂ ಇದೇ ವಿಷಯಕ್ಕೆ ಜಟಾಪಟಿಯೂ ಆಗಿದೆ.

ಪಂಜರ ಈ ಹೊಂಬಾಳೆ ಕಟ್ಟಿಗಿಂತ ಬಹಳ ಮುಂದೆ ಹೋದದ್ದು. ಅದು ನೆರಳು ಕೊಡುತ್ತದೆ, ಮರೆ ಕೊಡುತ್ತದೆ, ಜೊತೆಗೆ ದಿನಾ ಊಟ ಹಾಕುತ್ತದೆ. ಅದಲ್ಲದೆ ಬಲೆಯೇ ಕೆಲವು ವಾರಗಳಲ್ಲಿ ತೋಟವಾಗುತ್ತದೆ. ಮೊದಲು ಲೋಳೆಯ ಪದರ, ಆಮೇಲೆ ಪಾಚಿ, ಆಮೇಲೆ ಪಚ್ಚಿಲೆ ಮತ್ತು ಕಲ್ಲಿನಂತೆ ಗಟ್ಟಿ ಅಂಟುವ ಸಣ್ಣ ಚಿಪ್ಪುಜೀವಿಗಳು, ಅವುಗಳ ಸಂದಿಯಲ್ಲಿ ಹುಳ, ಸೀಗಡಿ, ಎಳೆ ಏಡಿ. ಪಂಜರದವರಿಗೆ ಇದು ದೊಡ್ಡ ತಲೆನೋವು. ಬಲೆಯ ಕಣ್ಣು ಮುಚ್ಚಿ ಒಳಗಿನ ಮೀನಿಗೆ ಉಸಿರುಕಟ್ಟುತ್ತದೆ, ಭಾರಕ್ಕೆ ಚೌಕಟ್ಟು ಬಾಗುತ್ತದೆ, ಬಲೆ ಬದಲಿಸಿ ದಡಕ್ಕೆ ತಂದು ಒಣಗಿಸಿ ಬಡಿಯಬೇಕು. ಹೊರಗಿನ ಮೀನಿಗೆ ಅದು ಹುಲ್ಲುಗಾವಲು.

ಕೋಬಿಯಾದ ವಿಷಯದಲ್ಲಿ ಒಂದು ತಮಾಷೆ ಇದೆ. ಕಡಲಿನಲ್ಲಿ ತೇಲುವ ಬೋಯೆ, ನಿಂತ ಹಡಗು, ಈಜುವ ತೊರಕೆ ಮೀನು, ಆಮೆ, ಏನು ಸಿಕ್ಕರೂ ಅದರ ಬೆನ್ನು ಹತ್ತಿ ತಿರುಗುವುದು ಕೋಬಿಯಾದ ಹುಟ್ಟುಗುಣ. ಅದೇ ಜಾತಿಯನ್ನು ಪಂಜರದೊಳಗೆ ಸಾಕುತ್ತೇವೆ. ಒಳಗಿನದು ಹೊರಬರಲು ಹವಣಿಸುವ ಬಲೆಯ ಆಚೆ, ಅದರ ಕಾಡು ಬಂಧು ತಾನಾಗಿಯೇ ಬಂದು ನಿಲ್ಲಬಹುದು.

ಎಷ್ಟು ಮೀನು ಸೇರುತ್ತದೆ? ಈ ಪ್ರಶ್ನೆಗೆ ಮುಳುಗುಗಾರರನ್ನು ಇಳಿಸಿ ಎಣಿಸಿ ಉತ್ತರ ಕೊಟ್ಟವರು ಸ್ಪೇನಿನ ಆಗ್ನೇಯ ಕರಾವಳಿಯಲ್ಲಿ ಕೆಲಸ ಮಾಡಿದ ಸಂಶೋಧಕರು. ಟಿಮ್ ಡೆಂಪ್‌ಸ್ಟರ್ ಮತ್ತು ಅಲಿಕಾಂಟೆ ವಿಶ್ವವಿದ್ಯಾಲಯದ ಸಹೋದ್ಯೋಗಿಗಳು ಒಂಬತ್ತು ಫಾರ್ಮುಗಳ ಸುತ್ತ ಎಣಿಸಿದರು, ಅಲ್ಲಿಂದ 200 ಮೀಟರ್ ಆಚೆಯ ತೆರೆದ ನೀರಿನಲ್ಲೂ ಎಣಿಸಿದರು. 2002ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಫಾರ್ಮಿನ ಬಳಿ ಮೀನಿನ ಸಂಖ್ಯೆ 52ರಿಂದ 2,837 ಪಟ್ಟು ಹೆಚ್ಚು. ಒಟ್ಟು 27 ಜಾತಿ. ನಾರ್ವೆಯಲ್ಲಿ ಅದೇ ಡೆಂಪ್‌ಸ್ಟರ್ ತಂಡ ಒಂಬತ್ತು ಸಾಲ್ಮನ್ ಫಾರ್ಮುಗಳನ್ನು ಬೇಸಿಗೆಯಲ್ಲಿ ನೋಡಿತು; 2009ರ ವರದಿಯ ಪ್ರಕಾರ ಒಂದೊಂದರ ಕೆಳಗೆ ಸರಾಸರಿ 10.2 ಟನ್ ಕಾಡುಮೀನು. ಒಂದು ಕಡೆ ಒಂದು ಟನ್ನೂ ಇರಲಿಲ್ಲ, ಇನ್ನೊಂದು ಕಡೆ 40 ಟನ್ ದಾಟಿತ್ತು. ಆ ದೇಶದ ಎಲ್ಲ ಫಾರ್ಮುಗಳಿಗೆ ಲೆಕ್ಕ ಹಾಕಿದರೆ ಬೇಸಿಗೆಯ ಯಾವುದೇ ದಿನ 12,000 ಟನ್‌ಗೂ ಹೆಚ್ಚು ಮೀನು ಪಂಜರಗಳ ಸುತ್ತ ಇರುತ್ತದೆ ಎಂದು ಅಂದಾಜು ಮಾಡಿದರು. ಅದರಲ್ಲಿ ಸಿಂಹಪಾಲು ಕಾಡ್ ಮೀನಿನ ಸಮೀಪ ಬಂಧುವಾದ ಸೇಥ್‌ನದು.

ಒಂದೇ ಬಾರಿ ಎಣಿಸಿದರೆ ಅರ್ಧ ಕಥೆ. ಸ್ಪೇನಿನವರು ಆಮೇಲೆ ಋತುವಿನಿಂದ ಋತುವಿಗೆ ಎಣಿಸುತ್ತ ಹೋದಾಗ ಒಂದೇ ಫಾರ್ಮಿನ ಸುತ್ತ ಬೇಸಿಗೆಯ ಗುಂಪು ಬೇರೆ, ಚಳಿಗಾಲದ ಗುಂಪು ಬೇರೆ ಎಂಬುದು ತಿಳಿಯಿತು. ಅಲ್ಲೇ ಬೇರುಬಿಟ್ಟ ಕೆಲವು ಜಾತಿಗಳಿವೆ. ನೀರು ಬಿಸಿಯಾದಾಗ ಬಂದು ತಣ್ಣಗಾದಾಗ ಹೋಗುವ ವಲಸೆಗುಂಪುಗಳೂ ಇವೆ. ಇವನ್ನು ಬೆನ್ನಟ್ಟಿ ಬರುವ ಬೇಟೆಗಾರರೂ ಇವೆ. ಬ್ಲೂಫಿಶ್ ಎಂಬ ಚೂಪುಹಲ್ಲಿನ ಮೀನು ಬಲೆ ಹರಿದು ಒಳನುಗ್ಗಿ ಸಾಕುಮೀನನ್ನೇ ತಿಂದ ಪ್ರಸಂಗಗಳು ಅಲ್ಲಿ ದಾಖಲಾಗಿವೆ. ಮೊಟ್ಟೆಯಿಡುವ ಕಾಲ ಬಂದಾಗ ಊಟ ಎಷ್ಟೇ ಧಾರಾಳವಾಗಿದ್ದರೂ ದೊಡ್ಡ ಮೀನು ಹೊರಡುತ್ತದೆ. ನಾರ್ವೆಯ ಪ್ರಾಯದ ಸೇಥ್ ಚಳಿಗಾಲದಲ್ಲಿ ಹೊರಗಡಲಿನ ಮೊಟ್ಟೆನೆಲೆಗಳ ದಾರಿ ಹಿಡಿಯುವುದು ಹೀಗೆ. ಗುರುತುಚೀಟಿ ಕಟ್ಟಿ ಬಿಟ್ಟ ಸೇಥ್‌ಗಳು ಒಂದು ಫಾರ್ಮಿನಿಂದ ಇನ್ನೊಂದಕ್ಕೆ ಓಡಾಡುವುದೂ ಗೊತ್ತಾಗಿದೆ. ಅಂದರೆ ಎರಡು ಫಾರ್ಮುಗಳು ದೂರದೂರ ಇದ್ದರೂ, ರೋಗದ ಲೆಕ್ಕದಲ್ಲಿ ಅಕ್ಕಪಕ್ಕದ ಮನೆಗಳೇ.

ನಮ್ಮ ಕಡಲಿನ ಋತುಚಕ್ರ ಯುರೋಪಿನದಲ್ಲ. ಇಲ್ಲಿ ಯಜಮಾನಿಕೆ ಚಳಿಯದಲ್ಲ, ಮಳೆಯದು.

ಜೂನಿನಲ್ಲಿ ಮುಂಗಾರು ಅಪ್ಪಳಿಸಿದರೆ ತೆರೆದ ಕಡಲಿನಲ್ಲಿ ಪಂಜರ ನಿಲ್ಲಿಸುವುದೇ ಕಷ್ಟ. ಕಾರವಾರದಲ್ಲಿ ಅಲೆಯ ಜೊತೆಗೆ ಕಾಳಿಯೂ ಇದೆ. ಘಟ್ಟದ ಮಳೆಯನ್ನೆಲ್ಲ ಹೊತ್ತು ತಂದ ಕೆಂಪುನೀರನ್ನು ಆ ನದಿ ಕೊಲ್ಲಿಯ ಬಾಯಿಗೇ ಸುರಿಯುತ್ತದೆ. ಉಪ್ಪಿನಂಶ ಕುಸಿಯುತ್ತದೆ, ಕೆಸರು ಕಿವಿರಿಗೆ ಮೆತ್ತುತ್ತದೆ. ಹಾಗಾಗಿ ಮಳೆ ಕಳೆದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಮರಿ ಬಿಟ್ಟು, ಮೇ ಮುಗಿಯುವುದರೊಳಗೆ ಮೀನು ಎತ್ತುವುದು ಇಲ್ಲಿಗೆ ಹೊಂದುವ ಕ್ರಮ. ಪಂಜರದ ಹೊರಗಿನ ಜಾತ್ರೆಗೂ ಇದೇ ಪಂಚಾಂಗ.

ಜಾತ್ರೆ ನೆರೆಯುವ ಮುನ್ನಿನ ತಿಂಗಳುಗಳು ವಿಚಿತ್ರ. ಮುಂಗಾರಿನ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳಿದಾಗ ಆಳದ ತಣ್ಣೀರು ಮೇಲೇರುತ್ತದೆ. ಅದರಲ್ಲಿ ಗೊಬ್ಬರದ ಅಂಶ ಹೇರಳ, ಆಮ್ಲಜನಕ ಅತ್ಯಲ್ಪ. ಪಶ್ಚಿಮ ಕರಾವಳಿಯ ತಳದ ನೀರಿನಲ್ಲಿ ಆಗಸ್ಟಿನಿಂದ ಅಕ್ಟೋಬರಿನವರೆಗೆ ಆಮ್ಲಜನಕ ಎಷ್ಟು ಕುಸಿಯುತ್ತದೆ ಎಂಬುದನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಜಗತ್ತಿನ ಗಮನಕ್ಕೆ ತಂದರು. ಆ ಗೊಬ್ಬರದಿಂದಲೇ ಸೂಕ್ಷ್ಮಸಸ್ಯ ಹುಲುಸಾಗಿ, ತಾರ್ಲೆ, ಬಂಗಡೆಗಳ ಹಿಂಡು ದಡಕ್ಕೆ ಬರುವುದು. ಪಂಜರ ಇಳಿಯುವ ಹೊತ್ತಿಗೆ ಕೊಲ್ಲಿಯಲ್ಲಿ ಹಸಿದ ಬಾಯಿಗಳಿಗೆ ಬರವಿರುವುದಿಲ್ಲ.

ಆದರೆ ಆ ಮೊದಲ ತಿಂಗಳುಗಳಲ್ಲಿ ಪಂಜರದೊಳಗಿನ ಮೀನು ಚಿಕ್ಕದು, ಉಣಿಸು ಕಡಿಮೆ, ಬಲೆ ಸ್ವಚ್ಛ. ಹೊರಗೆ ಬಂದವು ನೆರಳಿಗೆ ಬಂದವೆಂದೇ ಹೇಳಬೇಕು. ಡಿಸೆಂಬರ್, ಜನವರಿಗೆ ನೀರು ತಿಳಿಯಾಗಿ ಬಲೆಯ ಮೇಲೆ ಪಾಚಿ, ಪಚ್ಚಿಲೆ ಕೂರುತ್ತದೆ. ಮೇಯುವ ಮೀನು ಬರುತ್ತದೆ. ಮಾರ್ಚಿನಿಂದಾಚೆ ಕುರುಡಿ, ಕೋಬಿಯಾಗಳ ಹೊಟ್ಟೆ ದೊಡ್ಡದಾಗಿ ದಿನದ ಉಣಿಸು ಏರುತ್ತ ಹೋಗುತ್ತದೆ, ಅದರ ಜೊತೆಗೆ ಚೆಲ್ಲುವುದೂ. ಹೊರಗಿನವರ ಪಾಲಿಗೆ ಸುಗ್ಗಿ ಅದೇ. ಕಾರವಾರದ ಕೊಲ್ಲಿಯಲ್ಲಿ ಡಾಲ್ಫಿನ್‌ಗಳು ಇದ್ದೇ ಇವೆ, ಮೀನು ಗುಂಪಾದ ಕಡೆ ಅವೂ ಇಣುಕುತ್ತವೆ. ನಂತರ ಮೇ ತಿಂಗಳ ಯಾವುದೋ ಒಂದು ವಾರ ದೋಣಿಗಳು ಬಂದು, ಬಲೆ ಮೇಲೆತ್ತಿ, ಐಸ್ ಪೆಟ್ಟಿಗೆ ತುಂಬಿ ಹೊರಡುತ್ತವೆ. ನೆರಳೂ ಊಟವೂ ಒಂದೇ ದಿನ ನಿಲ್ಲುತ್ತದೆ.

ಇಲ್ಲಿ ಕಾಲದ ಒಂದು ಹೊಂದಾಣಿಕೆಯನ್ನು ಗಮನಿಸಬೇಕು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲು ನಿಷಿದ್ಧ. ಪಂಜರ ಕಳೆದುಕೊಂಡ ಕಾಡುಮೀನು ಚದುರುವ ಹೊತ್ತಿಗೆ ಟ್ರಾಲ್ ಬೋಟು, ಪರ್ಸಿನ್ ಬೋಟುಗಳು ಬಂದರಿನಲ್ಲಿ ಕಟ್ಟಿಹಾಕಿಕೊಂಡಿರುತ್ತವೆ. ಇದು ಯಾರೂ ಯೋಜಿಸಿದ್ದಲ್ಲ, ಒದಗಿ ಬಂದ ಭಾಗ್ಯ. ಆದರೆ ಅದಕ್ಕೆ ಮುಂಚಿನ ಮೂರ್ನಾಲ್ಕು ವಾರ ಅಪಾಯದ ಕಾಲ: ಮೀನು ಒಂದೆಡೆ ದಟ್ಟೈಸಿರುತ್ತದೆ, ಋತು ಮುಗಿಯುವ ಮೊದಲು ಸಾಲ ತೀರಿಸಬೇಕೆಂಬ ದೋಣಿಗಳೂ ನೀರಿನಲ್ಲೇ ಇರುತ್ತವೆ.

ಹೊರಗಿನ ಈ ಗುಂಪು ಒಳ್ಳೆಯದೋ ಕೆಟ್ಟದ್ದೋ? ಎರಡೂ ಹೌದು, ಮತ್ತು ಒಳ್ಳೆಯದರ ಪಾಲು ಜನ ಎಣಿಸಿದ್ದಕ್ಕಿಂತ ದೊಡ್ಡದು.

ಪಂಜರ ಕೃಷಿಯ ಮೇಲಿನ ದೊಡ್ಡ ದೂರು ತಳದ ಕೊಳಕು. ತಿನ್ನದ ಆಹಾರ ಮತ್ತು ಹಿಕ್ಕೆ ಕೆಳಗೆ ಬಿದ್ದು ಕೊಳೆತು ತಳದ ಜೀವಿಗಳನ್ನು ಉಸಿರುಗಟ್ಟಿಸುತ್ತದೆ. ಮೆಡಿಟರೇನಿಯನ್ ಕಡಲಿನ ಒಂದು ಫಾರ್ಮಿನಲ್ಲಿ ನಡೆದ ಅಧ್ಯಯನ (2004) ಹೇಳಿದ್ದು: ಹೀಗೆ ಕೆಳಗಿಳಿಯುವ ಕಸದಲ್ಲಿ ಶೇಕಡಾ 80ರಷ್ಟನ್ನು ಕಾಡುಮೀನುಗಳೇ ತಿಂದು ಮುಗಿಸುತ್ತವೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಾಡುಮೀನು ಒಳಬರದಂತೆ ಬೇಲಿ ಕಟ್ಟಿ ಹೋಲಿಸಿ ನೋಡಿದಾಗ ಆ ಪಾಲು ಶೇಕಡಾ 40ರಿಂದ 60. ಊರಿನ ಪೌರಕಾರ್ಮಿಕರಂತೆ ಸಂಬಳವಿಲ್ಲದೆ, ರಜೆಯಿಲ್ಲದೆ ಮಾಡುವ ಕೆಲಸ ಇದು. ಹೊರಗಿನ ಮೀನನ್ನೆಲ್ಲ ಬಳಿದು ಹಿಡಿದರೆ ಮೊದಲು ನಾರುವುದು ಪಂಜರದವರ ಅಂಗಳವೇ.

ದೂರುಗಳೂ ಪೊಳ್ಳಲ್ಲ. ಗುಳಿಗೆ ತಿಂದ ಕಾಡುಮೀನಿನ ಮೈಕೊಬ್ಬಿನ ಸ್ವರೂಪವೇ ಬದಲಾಗುತ್ತದೆ. ಗುಳಿಗೆಯಲ್ಲಿರುವ ಸೋಯಾದಂಥ ನೆಲದ ಬೆಳೆಯ ಎಣ್ಣೆಯ ಗುರುತು ಅದರ ಮಾಂಸದಲ್ಲಿ ಸಿಗುತ್ತದೆ. ಫಾರ್ಮಿನ ಬಳಿಯ ಸೇಥ್ ಮೆತ್ತಗಿರುತ್ತದೆ, ರುಚಿಯಿಲ್ಲ ಎಂದು ನಾರ್ವೆಯ ಮೀನುಗಾರರು ಗೊಣಗುತ್ತ ಬಂದಿದ್ದಾರೆ. ಹೊರಗಿನ ಮೀನಿನ ಹೇನು, ಸೋಂಕು ಬಲೆ ದಾಟಿ ಒಳಗೆ ಬರಬಹುದು, ಒಳಗಿನದು ಹೊರಗೂ ಹೋಗಬಹುದು. ಇನ್ನೊಂದು ಕಡೆ, ಡೆಂಪ್‌ಸ್ಟರ್ ತಂಡವೇ 2011ರಲ್ಲಿ ನಾರ್ವೆಯ ಕಾಡ್, ಸೇಥ್‌ಗಳ ಮೈಕಟ್ಟು, ಪಿತ್ತಜನಕಾಂಗದ ತೂಕ ನೋಡಿ, ಫಾರ್ಮಿನ ಬಳಿ ತಿಂದುಂಡ ಮೀನು ದಷ್ಟಪುಷ್ಟವಾಗಿ ಹೆಚ್ಚು ಮರಿಗೆ ಕಾರಣವಾಗುವ ಸಾಧ್ಯತೆಯೂ ಇದೆ ಎಂದಿತು. ಆದರೆ ಆ ಮೀನು ಬದುಕಿ ಉಳಿದು ಮೊಟ್ಟೆನೆಲೆ ತಲುಪಿದರೆ ಮಾತ್ರ. ಎಲ್ಲರ ವಾದವೂ ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ.

ಒಂದೆಡೆ ಸೇರಿಸಿ ಉಣಿಸಿದ ಕಾಡುಮೀನಿನ ಕಥೆ ಕರ್ನಾಟಕಕ್ಕೆ ಹೊಸದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲೆಯ ದಡಕ್ಕೆ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಗೆ, ರಾಮನಾಥಪುರದ ಕಾವೇರಿಗೆ ಹೋದವರು ಒಂದು ಹಿಡಿ ಅಕ್ಕಿಯೋ ಮಂಡಕ್ಕಿಯೋ ಎಸೆದು, ತೋಳುದ್ದದ ಮೀನುಗಳು ಒಂದರ ಮೇಲೊಂದು ಏರಿ ಬರುವುದನ್ನು ನೋಡಿರುತ್ತಾರೆ. ಇವು ಸಾಕಿದವಲ್ಲ, ಹೊಳೆಯವು. ಬಲೆಯೂ ಇಲ್ಲ, ಪಂಜರವೂ ಇಲ್ಲ. ಊಟ ಇದೆ, ಹಿಡಿಯಬಾರದೆಂಬ ಕಟ್ಟುಪಾಡು ಇದೆ, ಅಷ್ಟೇ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಇಲ್ಲಿಯೂ ಗುಂಪು ತೆಳುವಾಗುತ್ತದೆ. ಇವುಗಳಲ್ಲಿನ ಮಹಶೀರ್ ಜಾತಿ ಮೊಟ್ಟೆಯಿಡಲು ಹೊಳೆಯ ಮೇಲ್ದಿಕ್ಕಿಗೆ ಏರುವ ಕಾಲ ಅದು. ನಂಬಿ ಒಂದೆಡೆ ನೆರೆದ ಮೀನಿಗಿರುವ ಅಪಾಯವೇನೆಂಬುದನ್ನೂ ಶಿಶಿಲವೇ ತೋರಿಸಿದೆ: 1996ರಲ್ಲಿ ದುಷ್ಕರ್ಮಿಗಳು ಅಲ್ಲಿನ ನೀರಿಗೆ ವಿಷ ಬೆರೆಸಿ ಸಾವಿರಾರು ಮೀನು ಸತ್ತು ತೇಲಿದವು.

ಕಡಲಿನಲ್ಲಿ ದೇವರ ಕಟ್ಟುಪಾಡು ಇಲ್ಲ, ಸರ್ಕಾರದ್ದೇ ಬೇಕು. ನಾರ್ವೆಯಲ್ಲಿ ಫಾರ್ಮಿನಿಂದ 100 ಮೀಟರ್ ಒಳಗೆ ಮೀನು ಹಿಡಿಯುವಂತಿಲ್ಲ, 20 ಮೀಟರ್ ಒಳಗೆ ದೋಣಿಯೇ ಸುಳಿಯುವಂತಿಲ್ಲ. ಮೂಲತಃ ಇದು ಪಂಜರದ ಭದ್ರತೆಗೆ ಮಾಡಿದ ನಿಯಮ. ಹೊರಗಿನ ಮೀನಿಗೂ ರಕ್ಷೆಯಾಯಿತು. ಕರ್ನಾಟಕದಲ್ಲಿ ದಡದಿಂದ 12 ನಾಟಿಕಲ್ ಮೈಲಿವರೆಗಿನ ಕಡಲು ರಾಜ್ಯದ ಕೈಯಲ್ಲಿದೆ; 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಬೆಳಕು ಹಾಕಿ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆಮಿಷ ತೋರಿಸಿ ಗುಂಪುಗೂಡಿಸಿ ಬಾಚಿಕೊಳ್ಳುವುದು ತಪ್ಪೆಂದು ಬೆಳಕಿನ ವಿಷಯದಲ್ಲಿ ಒಪ್ಪಿದ ಮೇಲೆ, ಪಂಜರದ ಬದಿಯಲ್ಲಿ ಮಾಟುಬಲೆ ಬಿಡುವುದನ್ನು ಬೇರೆ ಕಣ್ಣಿನಿಂದ ನೋಡಲು ಕಾರಣವಿಲ್ಲ.

ಹಾಗೆಂದು ನಾಡದೋಣಿಯವನನ್ನು ಪೂರ್ತಿ ಆಚೆಗಟ್ಟುವುದೂ ನ್ಯಾಯವಲ್ಲ. ಪಂಜರ ಕೂತದ್ದು ಅವನು ಗಾಳ ಹಾಕುತ್ತಿದ್ದ ಜಾಗದಲ್ಲೇ. ಗೊಬ್ಬರದಂಶ ಕಡಿಮೆಯಿರುವ ಗ್ರೀಸಿನ ಕಡಲಿನಲ್ಲಿ ಫಾರ್ಮುಗಳು ಬಂದ ಮೇಲೆ ಸುತ್ತಲಿನ ಮೀನುಗಾರರಿಗೆ ಸಿಗುವ ಮೀನು ಹೆಚ್ಚಿದ ಉದಾಹರಣೆಯೂ ಇದೆ. ನಮ್ಮ ಕಡಲು ಗ್ರೀಸಿನಷ್ಟು ಬಡವಲ್ಲ, ಅಷ್ಟೇ ಲಾಭ ಇಲ್ಲಿಯೂ ಸಿಗುತ್ತದೆಂದು ಹೇಳಲಾಗದು. ಆದರೂ ದಾರಿ ಕಷ್ಟದ್ದೇನಲ್ಲ. ಪಂಜರದ ಸುತ್ತ ಸಣ್ಣದೊಂದು ವರ್ತುಲದೊಳಗೆ ಯಾರೂ ಮೀನು ಹಿಡಿಯುವುದು ಬೇಡ. ಅದರಾಚೆ ಗಾಳಕ್ಕೆ ಅವಕಾಶ, ದೊಡ್ಡ ಬಲೆಗೆ ಇಲ್ಲ. ಮೀನು ಎತ್ತುವ ಮೇ ತಿಂಗಳಲ್ಲಿ ಈ ನಿಯಮ ಇನ್ನೂ ಬಿಗಿ. ಇಷ್ಟನ್ನು ಪಂಜರಕ್ಕೆ ಜಾಗ ಕೊಡುವ ಕಾಗದದಲ್ಲೇ ಬರೆದುಬಿಟ್ಟರೆ ಆಮೇಲೆ ಜಗಳಕ್ಕೆ ನೆಪ ಉಳಿಯುವುದಿಲ್ಲ.

ಈಗ ಕಮಲಾಪುರ. ಕೆಂಪು ಬಾಳೆಗೆ ಹೆಸರಾದ ಈ ತಾಲೂಕಿನ ಬೆಳಕೋಟಾದಲ್ಲಿ ಗಂಡೋರಿ ನಾಲಾ ಜಲಾಶಯವಿದೆ. ಜಿಲ್ಲೆಯಲ್ಲಿ ಬೆಣ್ಣೆತೊರಾ, ಅಮರ್ಜಾ, ಕೆಳದಂಡೆ ಮುಲ್ಲಾಮಾರಿ, ಚಂದ್ರಂಪಳ್ಳಿ ಇವೆ, ಭೀಮೆಗೆ ಸೊನ್ನದ ಬ್ಯಾರೇಜು ಇದೆ. ಮತ್ಸ್ಯ ಸಂಪದ ಯೋಜನೆ ಕಡಲಿಗಷ್ಟೇ ಅಲ್ಲ, ಜಲಾಶಯದ ಪಂಜರಕ್ಕೂ ಹಣ ಕೊಡುತ್ತದೆ. ಜಾರ್ಖಂಡಿನ ಚಾಂಡಿಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಇಂಥ ಪಂಜರಗಳಲ್ಲಿ ಪಂಗಾಸಿಯಸ್ ಮೀನು ಬೆಳೆಯುತ್ತಿದ್ದಾರೆ. ಸಿಹಿನೀರಿನಲ್ಲೂ ಮೀನಿನ ಸ್ವಭಾವ ಬೇರೆಯಾಗುವುದಿಲ್ಲ. ಬ್ರೆಜಿಲಿನ ಜಲಾಶಯಗಳಲ್ಲಿ ತಿಲಾಪಿಯಾ ಪಂಜರಗಳ ಸುತ್ತ ಹೊಳೆಯ ಮೀನು ಮುತ್ತಿದ್ದು ಹಲವು ಅಧ್ಯಯನಗಳಲ್ಲಿದೆ. ಕೆನಡಾದಲ್ಲಿ 2003ರಿಂದ 2007ರವರೆಗೆ ಸಂಶೋಧನೆಗೆಂದೇ ಇಟ್ಟ ಒಂದು ಸರೋವರದಲ್ಲಿ ಟ್ರೌಟ್ ಪಂಜರ ನಡೆಸಿ ನೋಡಿದಾಗ ಅಲ್ಲಿನ ಮೂಲ ಮೀನುಗಳ ಬೆಳವಣಿಗೆಯೇ ಬದಲಾಯಿತು.

ಕಡಲಿಗಿಂತ ಇಲ್ಲಿ ಅಪಾಯ ಹೆಚ್ಚು, ಯಾಕೆಂದರೆ ನೀರು ಓಡಿಹೋಗುವುದಿಲ್ಲ. ಕಲಬುರಗಿಯ ಏಪ್ರಿಲ್, ಮೇ ಬಿಸಿಲಿಗೆ ಜಲಾಶಯ ಕುಗ್ಗಿ, ಪಂಜರದ ತಳಕ್ಕೂ ನೆಲಕ್ಕೂ ಅಂತರ ಕಡಿಮೆಯಾಗುತ್ತದೆ. ಪಂಜರದ ಮೀನಿಗೆ ಉಣಿಸು ಅತಿ ಹೆಚ್ಚು ಬೇಕಾಗುವುದೂ, ಕಾಡುಮೀನು ಅತಿ ದಟ್ಟವಾಗಿ ನೆರೆಯುವುದೂ, ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆಯಾಗುವುದೂ ಆ ಎರಡು ತಿಂಗಳಲ್ಲೇ. ಒಂದು ಬೆಳಗಿನ ಜಾವ ಉಸಿರು ಸಾಲದಾದರೆ ಒಳಗಿನವೂ ಹೊರಗಿನವೂ ಒಟ್ಟಿಗೆ ಸಾಯುತ್ತವೆ. ನಷ್ಟ ಆಗುವುದು ಸಬ್ಸಿಡಿ ಪಡೆದವನಿಗೆ ಮಾತ್ರವಲ್ಲ, ಆ ನೀರಿನಲ್ಲಿ ಪರವಾನಗಿ ಪಡೆದು ಬಲೆ ಬೀಸುವ ಮೀನುಗಾರರ ಸಂಘಕ್ಕೂ.

ಹಾಗಾಗಿ ಜಿಲ್ಲೆಯ ಯಾವ ಜಲಾಶಯಕ್ಕೆ ಪಂಜರ ಬಂದರೂ, ಇಳಿಸುವ ಮೊದಲೇ ಒಂದು ವರ್ಷದ ಎಲ್ಲ ಕಾಲದಲ್ಲೂ ಅಲ್ಲಿನ ಮೀನನ್ನು ಎಣಿಸಿಡಬೇಕು, ಪಂಜರದ ಸುತ್ತ ಯಾರು, ಯಾವ ಬಲೆಯಿಂದ, ಯಾವ ತಿಂಗಳು ಹಿಡಿಯಬಹುದೆಂದು ಸಂಘದವರನ್ನು ಕೂರಿಸಿಕೊಂಡು ಬರೆದುಕೊಳ್ಳಬೇಕು. ಇದನ್ನು ಮೀನುಗಾರಿಕೆ ಇಲಾಖೆ ತಾನಾಗಿ ಮಾಡದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳುವ ಹಕ್ಕು ಬೆಳಕೋಟಾದವರಿಗಿದೆ, ಅವರ ಮೀನು ಕೊಂಡು ತಿನ್ನುವ ನಗರದವರೂ ಇಲಾಖೆಯನ್ನು ಕೇಳಬಹುದು.